ಎಡಗಡೆ ಹಲ್ಲು

ಮಂಜಿಮಪ್ಪಿನ ಹೆಸರಲ್ಲೇ ಮಂಜಿದೆ ಎಂದರೆ
ಇಲ್ಲಿ ಯಾರಿಗೂ ನಗು ಬರುವುದಿಲ್ಲ.
ಜುಲೈ. ಅಂಗಡಿಯ ಶಟರ್ ಎತ್ತುವಷ್ಟರಲ್ಲಿ
ಬೆರಿಲ್ ಹ್ಯಾಡೋ ನಿಂತಿದ್ದರು, ಬಗಲಲ್ಲಿ ಗರಗಸ
ಒಲ್ಲದ ಆಡಿನ ಹಾಗೆ,
ಬಿಸ್ಕತ್ತಿನ ಡಬ್ಬಿಯಲ್ಲಿ ಎಣ್ಣೆಗೆ ಅದ್ದಿಟ್ಟ ಎರಡು ಸರಪಳಿ.

"ಕೊಯ್ಯುವುದಿಲ್ಲ ಇವು, ತಿಕ್ಕುತ್ತವೆ ಅಷ್ಟೆ.
ಚಕ್ಕೆ ಹಾರಬೇಕಾದಲ್ಲಿ ಹಿಟ್ಟು ಉದುರುತ್ತದೆ."
ಮೊಂಡು ಬಿದ್ದ ಹಲ್ಲಿನ ಲಕ್ಷಣ ಅಷ್ಟೇ.
ನಮ್ಮ ಬೀಸುಕಲ್ಲಿನದು ಇದಕ್ಕೆ ತಿರುಗಾಮುರುಗಾ:
ಸವೆದರೆ ಹಿಟ್ಟು ಬೀಳದೆ ನುಚ್ಚು ಬೀಳುತ್ತಿತ್ತು,
ಕಕ್ಕು ಹಾಕುವವಳು ಉಳಿ ಹಿಡಿದು ಬಂದು ಕೂರುವವರೆಗೆ.

ಹೊಸದೂ ಒಂದು ಬೇಕೆಂದರು.
ಗೋಡೆಯ ಮೊಳೆಗಳಲ್ಲಿ ತೂಗುವುದು ಹತ್ತಾರು.
ಚೌಕ ಮೂಲೆಯ ಹಲ್ಲು ತೋರಿಸಿದೆ:
ಹಸಿಮರದಲ್ಲಿ ಬೆಣ್ಣೆಯಿಂದ ಕೂದಲೆಳೆದ ಹಾಗೆ,
ಒಂದು ಹರಳು ಮಣ್ಣು ತಾಗಿದರೆ ಮುಗಿಯಿತು.
ದುಂಡು ಮೂಲೆಯದು ನಿಧಾನ. ಮುಂಗೋಪವಿಲ್ಲ.
"ಬಿದ್ದಿರುವುದು ಯಾವ ಮರ?"
"ಜ್ಯಾರಾ. ಎರಡು ವರ್ಷದಿಂದ ಒಣಗಿದ್ದು,
ಒಂದು ಮಗ್ಗುಲು ಕಾಡುಕಿಚ್ಚಿಗೆ ಕರಿಯಾದದ್ದು.
ಕೆಂಪು ಗರಸಿನ ಮೇಲೆ ಮಲಗಿದೆ."
ದುಂಡನ್ನೇ ಇಳಿಸಿದೆ, ಎಪ್ಪತ್ತೆರಡು ಕೊಂಡಿ ಎಣಿಸಿ.

ಹಳೆಯವನ್ನು ವೈಸಿಗೆ ಕಚ್ಚಿಸಿದಾಗ ಕಂಡದ್ದು:
ಎರಡರಲ್ಲೂ ಎಡಗಡೆ ಹಲ್ಲು ಮೋಟು, ಬಲಗಡೆಯದು ಉದ್ದ.
ಎರಡು ಸರಪಳಿ, ಒಂದೇ ಕೈಬರಹ.
"ಅರ ಹಿಡಿಯುತ್ತಿದ್ದದ್ದು ಯಾರು?"
"ಕ್ಲೆಮ್. ಮಾರ್ಚಿಯಲ್ಲಿ ತೀರಿಕೊಂಡ."

ಕೆಲಸ ಗೊತ್ತಿದ್ದ ಮನುಷ್ಯನೇ. ಮೂವತ್ತು ಡಿಗ್ರಿ ಎಲ್ಲೂ ತಪ್ಪಿಲ್ಲ.
ಎಡಕ್ಕೆ ಬಂದಾಗ ಮಾತ್ರ
ಭುಜದ ಭಾರವೆಲ್ಲ ಅರದ ಮೇಲೆ ಬಿಟ್ಟಿದ್ದಾನೆ.
ಉದ್ದ ಉಳಿದ ಕಡೆಗೆ ಗರಗಸ ವಾಲುತ್ತದೆ;
ಇವರ ಮನೆಯ ಕೊರಡೆಲ್ಲ ಬಲಕ್ಕೆ ಬಾಗಿ ಕೊಯ್ದದ್ದಿರಬೇಕು.

ಸರಿ ಮಾಡುವುದೆಂದರೆ ಎಲ್ಲವನ್ನೂ
ಅತಿ ಮೋಟು ಹಲ್ಲಿನ ಅಳತೆಗೆ ಇಳಿಸುವುದು.
ಆಮೇಲೆ ಅವನ ಕೈ ಇದರಲ್ಲಿರುವುದಿಲ್ಲ.
ಹೇಗೆ ಹೇಳಲೆಂದು ಅರವನ್ನು ಬಟ್ಟೆಯಲ್ಲಿ ಒರೆಸಿದೆ,
ಒರೆಸಿದ್ದನ್ನೇ ಒರೆಸಿದೆ.
"ಬೇಕಿದ್ದರೆ ಒಂದನ್ನು ಹಾಗೇ ಇಟ್ಟುಕೊಳ್ಳಿ," ಎಂದೆ. "ಗೋಡೆಗೆ."

ಚಿಲ್ಲರೆ ತಪ್ಪಾಗಿ ಎಣಿಸಿದವಳನ್ನು ನೋಡುವ ಹಾಗೆ ನೋಡಿದರು.
"ಮೂವತ್ತೊಂಬತ್ತು ಚಳಿಗಾಲ ಸೊಟ್ಟ ಕೊರಡು ಪೇರಿಸಿದ್ದೇನೆ.
ಪ್ರತಿ ಸಲ ರಾಶಿ ಜಾರಿ ಕೋಳಿಗೂಡಿನ ಮೇಲೆ.
ಕೇಳಿದರೆ, ಮರವೇ ಸೊಟ್ಟ ಅನ್ನುತ್ತಿದ್ದ.
ಇಳಿಸು."

ಅತಿ ಮೋಟು ಹಲ್ಲಿಗೆ ನೀಲಿ ಮಾರ್ಕರಿನ ಬೊಟ್ಟಿಟ್ಟೆ.
ತಳ್ಳು, ಎತ್ತು. ತಳ್ಳು, ಎತ್ತು.
ಬಲಗಡೆಯವಕ್ಕೆ ಒಂಬತ್ತೊಂಬತ್ತು ಸಲ.
ಹಲ್ಲಿನ ಮುಂದಿನ ಗಿಣ್ಣನ್ನೂ ಕೂದಲೆಳೆಯಷ್ಟು ತಗ್ಗಿಸಿದೆ,
ಇಲ್ಲದಿದ್ದರೆ ಹರಿತವಿದ್ದೂ ಮರ ಕಚ್ಚುವುದಿಲ್ಲ.
ಸ್ಟೂಲಿನ ಮೇಲೆ ಕೂತು ನೋಡುತ್ತಲೇ ಇದ್ದರು.
ಸರಪಳಿ ತಿರುಗಿಸಿ ಎಡಕ್ಕೆ ಬಂದೆ.
"ಭುಜ ಎತ್ತು!" ಎಂದರು ಥಟ್ಟನೆ, ಗದರಿದ ಹಾಗೆ.

ಎತ್ತಿದೆ.