ಮೂವತ್ತನೆಯ ದಿನ

ಕುತಾಯಿಸಿಯ ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ನನ್ನ ಮೇಜು, ಒಂದು ಫೋನು, ಒಂದು ಹೀಟರು.
ಮೂರನೆಯ ಮಹಡಿಯಲ್ಲಿ ಅವರು ಎದೆ ತೆರೆಯುತ್ತಾರೆ,
ನಾನು ಇಲ್ಲಿ ಕೂತು ಎಣಿಸುತ್ತೇನೆ.

ಆಪರೇಷನ್ನಾಗಿ ಮೂವತ್ತನೆಯ ದಿನ
ಮನೆಗೆ ಫೋನು ಮಾಡಬೇಕು.
ಬದುಕಿದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ.
ಆಮೇಲಿನದು ನಮ್ಮ ಲೆಕ್ಕಕ್ಕೆ ಬರುವುದಿಲ್ಲ.

ಅದಕ್ಕೂ ಮೊದಲು ಅಪಾಯದ ಅಂಕಿ:
ವಯಸ್ಸು, ಮೂತ್ರಪಿಂಡ, ಸಕ್ಕರೆ,
ಹತ್ತುವಾಗ ಎಷ್ಟನೆಯ ಮೆಟ್ಟಿಲಲ್ಲಿ ನಿಲ್ಲುತ್ತೀರಿ.
ಯಂತ್ರ ಚೂರು ಯೋಚಿಸಿ ಹೇಳುತ್ತದೆ
ನಿಮ್ಮಂಥ ನೂರು ಮಂದಿಯಲ್ಲಿ ಇಷ್ಟು ಜನ, ಎಂದು.
'ಹೆಣ್ಣು' ಎಂಬ ಚೌಕ ಒತ್ತಿದರೆ
ಅಂಕಿ ತುಸು ಮೇಲೇರುತ್ತದೆ.
ಏಕೆಂದು ಡಾಕ್ಟರ್ ಗುರಾಮ್‌ರನ್ನು ಕೇಳಿದ್ದೆ ಒಮ್ಮೆ.
"ರಕ್ತನಾಳ ಸಣ್ಣ," ಎಂದರು. ಕೈ ಒರೆಸಿಕೊಂಡು
"ಬರುವುದೂ ತಡ," ಎಂದರು.

ಲಮಾರಾ ಬಂದದ್ದು ತಡವೇ.
ಅರವತ್ನಾಲ್ಕು ವರ್ಷ. ಬಾವಿಯಂಥ ಮಣ್ಣಿನ ಒಲೆಯೊಳಗೆ
ಸೊಂಟದ ತನಕ ಬಾಗಿ ರೊಟ್ಟಿ ಬಡಿಯುವವಳು.
ದವಡೆ ನೋವೆಂದಳು, ಹಲ್ಲು ಕಿತ್ತರು.
ಬೆನ್ನು ನೋವೆಂದಳು, ಮುಲಾಮು ಕೊಟ್ಟರು.
ಉಸಿರು ಸಿಗುತ್ತಿಲ್ಲವೆಂದಳು,
'ಗಂಡ ಸತ್ತ ದುಃಖ' ಎಂದು ಚೀಟಿಯಲ್ಲಿ ಬರೆದರು.
ಗಂಡ ಸತ್ತು ಹದಿನೈದು ವರ್ಷ.
ಅಂಥಾ ದುಃಖವೇನೂ ಆಗಿರಲಿಲ್ಲವಂತೆ.

ತೇಓನಾಗೆ ಇಪ್ಪತ್ತಾರು.
ಬಾಲ್ಯದ ಗಂಟಲುಬೇನೆ ಕವಾಟವನ್ನು ತಿಂದುಹಾಕಿತ್ತು.
ಲೋಹದ್ದು ಬೇಕೋ, ಹಂದಿಯದ್ದೋ?
ಲೋಹದ್ದು ಸವೆಯುವುದಿಲ್ಲ, ಆದರೆ ರಕ್ತ ತೆಳುವಾಗಿಸುವ ಗುಳಿಗೆ
ಸಾಯುವ ತನಕ, ಬಸಿರಿಗೆ ಅದು ಕೇಡು.
ಹಂದಿಯದ್ದು ಹತ್ತು ಹನ್ನೆರಡು ವರ್ಷ,
ಆಮೇಲೆ ಮತ್ತೆ ಅದೇ ಮೇಜು, ಅದೇ ಗರಗಸ.
"ಹನ್ನೆರಡು ವರ್ಷದೊಳಗೆ ಮಗುವಿಗೆ ಈಜು ಬಂದಿರುತ್ತದೆ,"
ಎಂದು ಸಹಿ ಹಾಕಿದಳು.
ಈ ಉತ್ತರಕ್ಕೆ ನನ್ನ ಹಾಳೆಯಲ್ಲಿ ಚೌಕವಿಲ್ಲ.

ಮೂರು ಕಿಲೋ ನೂರು ಗ್ರಾಮಿನ ಗಂಡುಕೂಸು,
ಹಿಪ್ಪುನೇರಳೆ ತಿಂದಂತೆ ನೀಲಿ ತುಟಿ.
ಹೆಸರು ಕೇಳಿದೆ. ಅಪ್ಪ ಗೋಡೆ ನೋಡಿದ.
ಇಟ್ಟರೆ ಕರೆಯಬೇಕಾಗುತ್ತದೆ,
ಕರೆದರೆ ಓಗೊಡಬೇಕಲ್ಲ.
ಖಾಲಿ ಬಿಟ್ಟೆ, ಯಂತ್ರ ಒಪ್ಪಲಿಲ್ಲ.
'ಕೂಸು' ಎಂದು ತುಂಬಿದೆ. ಒಪ್ಪಿತು.

ಜುಂಬೇರ್‌ಗೆ ಎಂಬತ್ತೊಂದು; ಸಿಗರೇಟು, ಸಕ್ಕರೆ, ಒಂದೇ ಮೂತ್ರಪಿಂಡ.
ಹನ್ನೊಂದೂವರೆ, ಎಂದಿತು ಯಂತ್ರ.
"ಹನ್ನೊಂದು ಜನ ಸರಿ, ಆ ಅರ್ಧ ಮನುಷ್ಯ ಯಾರು?
ನನ್ನ ಅಳಿಯನೇ ಇರಬೇಕು," ಎಂದು ಕೆಮ್ಮುತ್ತ ನಕ್ಕ.
ಎದೆ ಬಿಚ್ಚಿ ಮಾತಾಡುವವ.
ರೂಢಿಯಿದ್ದವನಿಗೆ ನೋವು ಕಡಿಮೆಯೇನೋ ಎಂದುಕೊಂಡೆ.

ರಿಯೋನಿ ನದಿಗೆ ಬೆಟ್ಟದ ಹಿಮ ಕರಗಿ ಬಂತು.
ಫೋನು ತೆಗೆದುಕೊಂಡೆ.

ತೇಓನಾ ಏದುಸಿರಲ್ಲಿ ಬಂದಳು:
"ಕೋಳಿ ಅಟ್ಟುತ್ತಿದ್ದೆ." ಒಂದು.

ಕೂಸಿನ ಅಪ್ಪ ಕೂಗಿಯೇ ಹೇಳಿದ:
"ಗೋಚಾ! ಗೋಚಾ ಎಂದು ಬರೆದುಕೊಳ್ಳಿ!"
ಅಳಿಸಿ ಬರೆದೆ. ಒಂದು.

ಜುಂಬೇರ್ ತಾನೇ ಎತ್ತಿ ಬೈದ:
"ಉಪ್ಪಿಲ್ಲದ ಚೀಸು ಒಂದು ಚೀಸೇ?" ಒಂದು.

ಲಮಾರಾಳ ಮಗಳು ಸುಮ್ಮನಿದ್ದಳು ಬಹಳ ಹೊತ್ತು.
"ನಾಲ್ಕನೆಯ ದಿನವೇ ಹೋದಳಲ್ಲ,
ನಿಮ್ಮ ಆಸ್ಪತ್ರೆಯಲ್ಲೇ. ನಿಮಗೆ ಗೊತ್ತಿಲ್ಲವೇ?"
ಅವಳ ಅಂಕಿ ಬರೀ ಮೂರು ಇತ್ತು.
ಮೇಲಿನವರು ಕೆಳಗಿನವಳಿಗೆ ಹೇಳಿರಲಿಲ್ಲ.

ಮೂವತ್ಮೂರನೆಯ ದಿನ ಬೆಳಿಗ್ಗೆ ಫೋನು ತಾನೇ ಬಡಿದುಕೊಂಡಿತು.
ಜುಂಬೇರ್‌ನ ಅಳಿಯ. ದ್ರಾಕ್ಷಿಯ ನೆಲಮನೆಯಲ್ಲಿ
ಹೂಜಿ ಹಿಡಿದು ಬಗ್ಗಿದವ ಏಳಲಿಲ್ಲವಂತೆ.
"ನಿಮ್ಮ ಲೆಕ್ಕಕ್ಕೆ ಬೇಕಾದೀತೇನೋ ಎಂದು..."
ಪೂರ್ತಿ ಮನುಷ್ಯನೊಬ್ಬ ಅಳುತ್ತಿದ್ದ.
ಬೇಡ ಎನ್ನಲು ಬಾಯಿ ಬರಲಿಲ್ಲ.
ಇಸವಿ, ತಿಂಗಳು, ತಾರೀಖು ಎಲ್ಲ ಕೇಳಿ
ಯಾವುದೋ ಲಕೋಟೆಯ ಹಿಂದೆ ಬರೆದುಕೊಂಡೆ.

ವರದಿ ರಾಜಧಾನಿಗೆ ಹೋಯಿತು.
ಅದರಲ್ಲಿ ಜುಂಬೇರ್ ಇನ್ನೂ ಉಪ್ಪು ಕೇಳುತ್ತಿದ್ದಾನೆ.
ಅವನ ಕೆಳಗಿನ ಸಾಲಲ್ಲಿ ಲಮಾರಾಳ ಸೊನ್ನೆ,
ಬೆಂಕಿ ಹಚ್ಚದ ಬೆಳಿಗ್ಗೆ
ಅವಳ ಒಲೆಯ ಬಾಯಿಯಂತೆ, ದುಂಡಗೆ.