ಕರೆಂಟ್ ಹೋದ ಮಂಗಳವಾರ

ಬನಹಟ್ಟಿ. ಹತ್ತೂವರಿಗೆ ಮಗ್ಗ ನಿಂತವು.
ನಾಕೂ ಒಮ್ಮೆಲೆ ಸುಮ್ಮನಾದರ
ಕಿವ್ಯಾಗ ಐದನೇದೊಂದು ನಡೀತೈತಿ:
ಖಟಕ್ ಖಟಕ್, ಮೂವತ್ತೊಂದು ವರ್ಷದ್ದು.
ಅದಕ್ಕ ಮೀಟರಿಲ್ಲ, ಬಿಲ್ಲಿಲ್ಲ.

ಹುಡುಗರು ಬಂದವು. ಕಾಡಪ್ಪ, ತನುಜಾ,
ಎದುರಮನಿ ಸುಫಿಯಾ,
ಬೆನ್ನಿಗೆ ಮೂಗು ಸೋರಿಸ್ಕೊಂಡು ಅಕೀನ ತಮ್ಮ ರೆಹಾನ.
"ಕಾಕಾ, ಏನರ ಮಾಡೂಣು."
ಏನ ಮಾಡೂದು? ಸಿಕ್ಕಿದ್ದು ನೆಲಕ್ಕ ಹಾಸಿದೆ:
ಖಾಲಿ ಕಂಡಿಕಿ, ನೂಲು ತೀರಿದ ರಟ್ಟಿನ ಕೋನು,
ಪೌಡರ್ ಡಬ್ಬಿ, ತೆಂಗಿನ ಪರಟಿ,
ಹರದ ಸೈಕಲ್ ಟ್ಯೂಬು,
ಹೆಂಡತಿ ಕಾಣದಂಗ ತಂದ ಒಂದು ಬೊಗಸಿ ಹುಣಸಿಬೀಜ.

ತನುಜಾ ಡಬ್ಬಿ ತುಂಬ ತುಂಬಿದಳು. ಅಲುಗಿಸಿದರ ಮೂಕ.
ತುಂಬಿದ ಕೊಡ ತುಳುಕೂದಿಲ್ಲ ಅಂದೆ, ನಕ್ಕೆ.
ಅಕಿ ನಗಲಿಲ್ಲ. ಅರ್ಧ ಚೆಲ್ಲಿದಳು.
ಹತ್ತು ಬೀಜಕ್ಕ ಮಳಿ, ಮೂವತ್ತಕ್ಕ ಜಗಳ
ಅಂತ ಲೆಕ್ಕ ಹಚ್ಚಿ ಹೇಳಿದಳು ಎಲ್ಲಾರಿಗೂ.

ಪರಟಿ ಬಾಯಿಗೆ ಟ್ಯೂಬು ಎಳದು
ಹಾಸಿನ ಎಳಿಲೆ ಬಿಗದೆ. ಕಡದ ಎಳಿ ಕೂಡಿಸೂ ಗಂಟು ಅದು,
ನಿದ್ದ್ಯಾಗೂ ಹಾಕತೇನಿ.
ಕಾಡಪ್ಪ ಕಂಡಿಕಿ ಎರಡು ಹಿಡದು ಬಡದ.
ಓಣಿನಾಯಿ ಬಂದು ನೋಡಿ ಹೋತು.

ರೆಹಾನ ಯಾರನ್ನೂ ಕೇಳಲಿಲ್ಲ.
ಕೋನಿನ ಅಗಲ ಬಾಯಿಗೆ ಅಡ್ಡ ಒಂದೇ ಎಳಿ ಕಟ್ಟಿಸ್ಕೊಂಡು
ಮೂಲ್ಯಾಗ ಕುಂತ. ಉಗುರಿಲೆ ಮೀಟಿದ.
ಉಳಿದ ಮೂರೂ ಮಂದಿ ಗಪ್ಪಾದರು,
ಮಾರಿ ಅತ್ತ ವಾಲಿಸಿದರು, ಹೊಲದಾಗ ಗಾಳಿಗೆ ತೆನಿ ವಾಲಿದಂಗ.

ನನಗ ಅವರ ಕುತ್ತಿಗಿ ಕಂಡವು. ದನಿ ಬರಲಿಲ್ಲ.
"ಭಾರಿ ಐತ್ಯೋ" ಅಂದೆ.
"ಸುಳ್ಳು," ಅಂದಳು ಸುಫಿಯಾ. "ಕಾಕಾಗ ಕೇಳಸೇ ಇಲ್ಲ."

ಹುಡುಗ ಎದ್ದು ಬಂದ.
ಕೋನಿನ ಸಣ್ಣ ತುದಿ ಅಂಗಿಗೆ ಒರಸಿ
ನನ್ನ ತುಟಿಗೆ ಹಿಡದ.
"ಕಚ್ಚು."

ಕಚ್ಚಿದೆ. ಹಳೇ ರಟ್ಟು, ಗಂಜಿ ವಾಸನಿ.
ಅವ ಮೀಟಿದ.
ದವಡಿ ಎಲುಬಿನೊಳಗ ಒಂದು ಇರುವಿ ನಡದು ಹೋತು,
ಕಿವಿ ಬಾಗಲಾ ಬಿಟ್ಟು ಹಿತ್ತಲದಿಂದ ಒಳಗ ಬಂತು,
ಸಣ್ಣದು, ನೆಟ್ಟಗ, ತನ್ನ ಪಾಡಿಗೆ.
ಐದನೇ ಮಗ್ಗ ನಿಲ್ಲಲಿಲ್ಲ,
ಆದರ ಒಂದು ಹೊಡತ ತಪ್ಪಿತು.

ಅಷ್ಟರಾಗ ಬಲ್ಬು ಹತ್ತಿತು.
ಮಾಲಕರು ಬಾಗಲದಾಗ ನಿಂತು ಕೈ ಬೀಸಿದರು.
ಕೋನು ಹಲ್ಲಿನಾಗ ಇತ್ತು, ಮಾತು ಬರೂಹಂಗಿರಲಿಲ್ಲ.
ಬೆರಳೆತ್ತಿ ತೋರಿಸಿದೆ ಅವರಿಗೂ, ಹುಡುಗನಿಗೂ:
ಒಂದು.
ಇನ್ನೊಂದು.