ಮೊದಲು ದೋಣಿ, ಆಮೇಲೆ ದಡ

ಸೈಮಾ ಸರೋವರದಲ್ಲಿ ಉಪ್ಪಿಲ್ಲ.
ಇದನ್ನು ತೈಸ್ತೊ ಮೂರು ಸಲ ಹೇಳಿದ,
ಮೂರು ಸಲವೂ ತಲೆಯಾಡಿಸಿದೆ
ಅಡುಗೆಯ ಮಾತೇನೋ ಎಂಬ ಹಾಗೆ.

ಮೇ ತಿಂಗಳು. ಮಂಜುಗಡ್ಡೆ ಕರಗಿ ಎರಡು ವಾರ.
ಬರ್ಚ್ ಮರಗಳಲ್ಲಿ ಇನ್ನೂ ಇಲಿಕಿವಿಯಷ್ಟೇ ಎಲೆ.
ಅರವತ್ತೊಂದರಲ್ಲಿ ಹಾಯಿದೋಣಿ ಕೊಂಡವಳು ನಾನು,
ಆರೂವರೆ ಮೀಟರಿನ ಕುಯಿಕ್ಕ.
ಅದರ ಜೊತೆಗೇ ಬಂದದ್ದು
ಹಳಬರ ಕೆಟಲ್, ಹಳಬರ ಹೀಟರ್,
ಬಿಸಿಲಿಗೆ ಬಿಳಿಚಿದ ಹಳದಿ ಕೇಬಲ್ಲಿನ ಸುರುಳಿ.

ಗಾಳಿಯ ಬಗ್ಗೆ ಪುಸ್ತಕ ಓದಿದ್ದೆ. ಗಂಟು ಹಾಕಲು ಕಲಿತಿದ್ದೆ.
ಕರೆಂಟಿನ ಬಗ್ಗೆ ಕಲಿಯುವುದೇನು?
ಮನೆಯ ಗೋಡೆಯೊಳಗೆ ನಲವತ್ತು ವರ್ಷ
ಬಾಯಿ ಮುಚ್ಚಿಕೊಂಡೇ ಇತ್ತಲ್ಲ.

ತೈಸ್ತೊ ಕಾಗದದ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವ;
ಎಡಗೈಯ ಎರಡು ಬೆರಳು ಅರ್ಧಕ್ಕೇ ನಿಲ್ಲುತ್ತವೆ.
ಹೇಗೆಂದು ಕೇಳಿದರೆ "ಆತುರ" ಎನ್ನುತ್ತಾನೆ, ಅಷ್ಟೆ.

ಪ್ಲಗ್ಗನ್ನು ಬೆಳಕಿಗೆ ಹಿಡಿದು ತೋರಿಸಿದ:
ಮೂರು ಹಿತ್ತಾಳೆ ಕಡ್ಡಿ, ಅದರಲ್ಲೊಂದರ ಬುಡಕ್ಕೆ
ಕಾಡಿಗೆ ತೀಡಿದಷ್ಟು ಕಪ್ಪು.
"ಸಡಿಲ ಇದ್ದದ್ದು ಬಿಸಿಯಾಗುತ್ತದೆ,
ಬಿಸಿಯಾದದ್ದು ಇನ್ನಷ್ಟು ಸಡಿಲ.
ನೀನು ನಿದ್ದೆಯಲ್ಲಿರುವಾಗ ಇವೆರಡೂ ಮಾತಾಡಿಕೊಳ್ಳುತ್ತವೆ."
ಹೊಸದು ಹದಿನಾಲ್ಕು ಯೂರೊ.
ಹಳೆಯದನ್ನು ತನ್ನ ಜೇಬಿಗೇ ಹಾಕಿಕೊಂಡ,
ಕಸದಿಂದ ಯಾರಾದರೂ ಎತ್ತಿಕೊಂಡಾರೆಂದು.

ಆಮೇಲೆ ಪಾಠ, ಮಗ್ಗಿಯ ಹಾಗೆ:
ಕಂಬದ ಸ್ವಿಚ್ ಆರಿರಲಿ.
ಮೊದಲು ದೋಣಿ, ಆಮೇಲೆ ದಡ,
ಕೊನೆಗೆ ಸ್ವಿಚ್.
ಬಿಚ್ಚುವಾಗ ಬಂದ ದಾರಿಯಲ್ಲೇ ಹಿಂದಕ್ಕೆ.
"ಜೀವ ಇರುವ ತುದಿಯನ್ನು ಕೈಯಲ್ಲಿ ಹಿಡಿದು
ನೀರಿನ ಮೇಲೆ ನಡೆಯಬೇಡ.
ಯಾರೋ ಒಬ್ಬರು ನಡೆದಿದ್ದರಂತೆ,
ಅವರ ಹತ್ತಿರ ಕೇಬಲ್ ಇರಲಿಲ್ಲ."

ನೀರಿಗೆ ಜೋತು ಬೀಳಬಾರದು ಅದು,
ಜೆಟ್ಟಿಯ ಮೇಲೆ ಕಾಲಿಗೆ ತೊಡರಬಾರದು,
ಅಲೆಗೆ ದೋಣಿ ಉಸಿರಾಡುವಷ್ಟು ಮಾತ್ರ ಸಡಿಲ.
ಹೀಟರ್ ಹಚ್ಚುವ ರಾತ್ರಿ ಸುರುಳಿ ಪೂರ್ತಿ ಬಿಚ್ಚಿಡು;
ಸುತ್ತಿಟ್ಟ ಕೇಬಲ್ ತನ್ನ ಬಿಸಿಗೆ ತಾನೇ ಬೇಯುತ್ತದೆ.

ಏಣಿಯ ಹಿಂದೆ ಪುಟ್ಟ ಪೆಟ್ಟಿಗೆ, ಪರೀಕ್ಷೆಗೊಂದು ಗುಂಡಿ.
ಒತ್ತಿದೆ. ಏನೂ ಆಗಲಿಲ್ಲ.
ಕೆಟಲ್ ಕುದಿಯುತ್ತಲೇ ಇತ್ತು.
"ಒಳ್ಳೇದಲ್ಲವೆ?" ಅಂದೆ.
ಅವನ ಮುಖ ನೋಡಿ ನಗು ನುಂಗಿದೆ.
ಟಪ್ಪೆಂದು ಬೀಳಬೇಕಿತ್ತಂತೆ.
ಕಣ್ಣು ತೆರೆದೇ ನಿದ್ದೆಹೋದ ಕಾವಲುಗಾರ.
ಅದನ್ನೂ ಬದಲಿಸಿದೆವು.

ಆಗ ತಿಳಿಯಿತು ಉಪ್ಪಿನ ಮಾತು.
ಕಡಲು ಸೋರಿದ್ದನ್ನು ಹಂಚಿಕೊಂಡು ಬಿಡುತ್ತದೆ.
ಸಿಹಿನೀರು ಜಿಪುಣ; ಅಲ್ಲಿ ಸೋರಿದ ಕರೆಂಟು
ತನಗೆ ಸಲೀಸಾದ ದಾರಿ ಹುಡುಕುತ್ತದೆ:
ನಮ್ಮ ರಕ್ತ, ಅದರೊಳಗಿನ ಉಪ್ಪು.
ಸುಡಬೇಕೆಂದಿಲ್ಲ. ತೋಳು ಸೆಟೆದರೆ ಸಾಕು,
ಮಿಕ್ಕದ್ದನ್ನು ಸರೋವರ ನೋಡಿಕೊಳ್ಳುತ್ತದೆ.
ದಡದಲ್ಲಿ ನಿಂತವರಿಗೆ
ಈಜು ಬಾರದೆ ಮುಳುಗಿದ ಹಾಗೆ ಕಾಣುತ್ತದೆ.

ಜುಲೈ. ಸೌನಾದಿಂದ ಹೊರಬಿದ್ದು, ಮೈಯೆಲ್ಲ ಹಬೆ,
ಎಂಟನೇ ದೋಣಿಯವರ ಮೊಮ್ಮಗಳು ಪಿಹ್ಲಾ
ಜೆಟ್ಟಿಯ ಅಂಚಿಗೆ ಓಡಿಬಂದಳು.
ಕಾಲ್ಬೆರಳು ಮಡಚಿ, ತೋಳು ಹಿಂದಕ್ಕೆ
"ಬೇಡ!"
ತೈಸ್ತೊ ಕೂಗಿದ್ದು ಕೇಳಿದ್ದು ಅದೊಂದೇ ಸಲ.
ಬಾತುಗಳು ಬೆದರಿ ಎದ್ದವು. ಹುಡುಗಿ ಅಳುತ್ತ ನಿಂತಳು.
ಅಜ್ಜಿಗೆ ಸಿಟ್ಟು: ನಾವೆಲ್ಲ ಇಲ್ಲೇ ಈಜಿ ಬೆಳೆದವರು.

ಅವನು ವಾದಕ್ಕಿಳಿಯಲಿಲ್ಲ.
ಇಕ್ಕಳದಂಥ ಮೀಟರನ್ನು ಒಂದೊಂದೇ ಕೇಬಲ್ಲಿಗೆ ಕಚ್ಚಿಸುತ್ತ ಹೊರಟ.
ಸೊನ್ನೆ. ಸೊನ್ನೆ. ಒಂದು. ಸೊನ್ನೆ.
ಹನ್ನೊಂದನೆಯದು: ಹದಿನೆಂಟು ಮಿಲಿ ಆಂಪಿಯರ್.
ಹೊಸ ಕಾವಲುಗಾರ ಏಳುವುದು ಮೂವತ್ತಕ್ಕೆ.

ಹನ್ನೊಂದನೆಯದು ಕುಯಿಕ್ಕ.
ಹಳಬರ ಕೆಟಲ್, ಬುಡದಲ್ಲಿ ಕೂದಲೆಳೆ ಬಿರುಕು.
ಯಾರೂ ನನ್ನನ್ನು ಏನೂ ಅನ್ನಲಿಲ್ಲ.
ಅಂದಿದ್ದರೆ ಚೆನ್ನಾಗಿತ್ತು.

ಬಂಡೆಗಳ ಕಡಲಂಚಿನಂಥ ಆ ತುದಿಗೆ, ಒಂದೂ ತಂತಿಯಿಲ್ಲದಲ್ಲಿಗೆ,
ಇಲ್ಲಿಂದ ಮುನ್ನೂರ ಹನ್ನೆರಡು ಹೆಜ್ಜೆ.
ಪಿಹ್ಲಾಳೊಡನೆ ಎಣಿಸುತ್ತ ನಡೆಯುತ್ತೇನೆ, ದಿನಾ.
"ನೀರು ಅದೇ ಅಲ್ಲವಾ?" ಅನ್ನುತ್ತಾಳೆ.
ಅದೇ, ಅನ್ನುತ್ತೇನೆ.
ಹಾರುತ್ತಾಳೆ.
ತಲೆ ಮೇಲೆ ಬರುವ ತನಕ
ಉಸಿರು ಹಿಡಿದು ನಿಂತಿರುತ್ತೇನೆ.